ಟೋಪಿ ತೆಗೆದು ನೋಡಿ: ಬಳ್ಳಾರಿಯಲ್ಲಿ ಸಿಗುವ ಹಳೆಯ ಕ್ರಿಸ್ಮಸ್ ಗಾಜು

ಕ್ರಿಸ್ಮಸ್ ಮರಕ್ಕೆ ನೇತುಹಾಕುವ ಹಳೆಯ ಗಾಜಿನ ಗುಂಡೊಂದು ಕೈಗೆ ಬಂದಾಗ ಹೆಚ್ಚಿನವರು ಅದರ ಹೊಳಪನ್ನೂ ಬಣ್ಣವನ್ನೂ ನೋಡುತ್ತಾರೆ. ನಾನು ಮೊದಲು ನೋಡುವುದು ತಲೆಯ ಮೇಲಿನ ಲೋಹದ ಟೋಪಿಯ ಕೆಳಗೆ ಅಡಗಿರುವ ಗಾಜಿನ ಕತ್ತನ್ನು. ಹೊಸ ಗಾಜನ್ನು ಹಳೆಯದರಂತೆ ಮಂಕು ಮಾಡುವುದು ಕಷ್ಟವಲ್ಲ, ಹಿತ್ತಾಳೆಯನ್ನು ಒಂದೇ ರಾತ್ರಿಯಲ್ಲಿ ಕಪ್ಪಾಗಿಸುವ ದ್ರಾವಣಗಳಿವೆ, ಕಥೆಯನ್ನಂತೂ ಮಾರುವವನು ಪುಕ್ಕಟೆಯಾಗಿ ಸೇರಿಸಿ ಕೊಡುತ್ತಾನೆ. ಆದರೆ ಟೋಪಿಯ ಕೆಳಗೆ ಮುಚ್ಚಿಹೋಗುವ ಆ ಅರ್ಧ ಅಂಗುಲದ ಜಾಗವನ್ನು ತಿದ್ದಿ ತೀಡುವ ಗೋಜಿಗೆ ಸಾಮಾನ್ಯವಾಗಿ ಯಾರೂ ಹೋಗುವುದಿಲ್ಲ. ವಸ್ತುವಿನ ವಯಸ್ಸಿಗೆ ಸಿಗುವ ನಂಬಲರ್ಹ ಸಾಕ್ಷಿಯಲ್ಲಿ ಬಹುಪಾಲು ಅಲ್ಲಿಯೇ ಇರುತ್ತದೆ.

ಬಿಸಿಲಿಗೆ ಹೆಸರಾದ ಬಳ್ಳಾರಿಗೆ ಹಿಮದ ನಾಡಿನ ಈ ಅಲಂಕಾರಗಳು ಬಂದದ್ದಾದರೂ ಹೇಗೆ ಎಂದು ಕೇಳುವವರಿದ್ದಾರೆ. 1800ರಲ್ಲಿ ನಿಜಾಮನು ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಇಲ್ಲಿ ದಂಡು ನೆಲೆಯಾಯಿತು. 1810ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಂದು ನೆಲೆಸಿದರು. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೂ ಬಳ್ಳಾರಿಯ ವ್ಯವಹಾರವೆಲ್ಲ ಮದರಾಸಿನ ಕಡೆಗೇ ಇತ್ತು. ವಿಲಾಯತಿ ಸರಕು ರೈಲಿನಲ್ಲಿ ಗುಂತಕಲ್ಲಿನ ಮೂಲಕ ಇಲ್ಲಿಗೆ ತಲುಪುವುದು ದೊಡ್ಡ ಮಾತಾಗಿರಲಿಲ್ಲ. ದಂಡಿನ ಬಂಗಲೆಗಳಲ್ಲಿ, ರೈಲ್ವೆ ನೌಕರರ ಮನೆಗಳಲ್ಲಿ, ಕೌಲ್ ಬಜಾರಿನ ಕ್ರೈಸ್ತ ಕುಟುಂಬಗಳಲ್ಲಿ ಪೈನ್ ಮರದ ಬದಲಿಗೆ ಸರ್ವೆ ಮರದ ಕೊಂಬೆಯನ್ನು ನೆಟ್ಟು, ಅದರ ಮೇಲೆ ಹಿಂಜಿದ ಹತ್ತಿಯನ್ನು ಹಿಮವೆಂದು ಹರಡಿ, ಗಾಜಿನ ಗುಂಡುಗಳನ್ನು ನೇತುಹಾಕುತ್ತಿದ್ದರು. ಹತ್ತಿಗೆ ಈ ಸೀಮೆಯಲ್ಲಿ ಎಂದೂ ಬರವಿರಲಿಲ್ಲ. ಆ ಕುಟುಂಬಗಳಲ್ಲಿ ಹಲವು ಬೆಂಗಳೂರಿಗೋ ಆಸ್ಟ್ರೇಲಿಯಾಕ್ಕೋ ಹೊರಟಾಗ ಮಂಚ, ಬೀರು, ಪಿಂಗಾಣಿ ಸಾಮಾನುಗಳ ಜೊತೆಗೆ ಈ ಪೆಟ್ಟಿಗೆಗಳೂ ನೆರೆಹೊರೆಯವರ ಪಾಲಿಗೋ ಗುಜರಿ ಅಂಗಡಿಗೋ ಹೋದವು.

ನನಗೆ ಇದರ ಗೀಳು ಹತ್ತಿದ್ದು ಹಬ್ಬದ ದಾರಿಯಿಂದಲ್ಲ, ವ್ಯಾಪಾರದ ದಾರಿಯಿಂದ. ನಮ್ಮದು ಬಳೆ ಮಾರುವ ಮನೆತನ. ಗಾಜನ್ನು ಬೆಳಕಿಗೆ ಹಿಡಿದು ಬಣ್ಣ ಗಾಜಿನೊಳಗೇ ಇದೆಯೋ, ಮೇಲೆ ಹಚ್ಚಿದ್ದೋ ಎಂದು ನೋಡುವುದನ್ನು ಅಜ್ಜ ನಮಗೆ ಅಕ್ಷರಾಭ್ಯಾಸಕ್ಕಿಂತ ಮೊದಲೇ ಕಲಿಸಿದ್ದರು. ಆ ಒಂದು ಅಭ್ಯಾಸ ಈ ಸಂಗ್ರಹದಲ್ಲಿ ಎಷ್ಟು ಕೆಲಸಕ್ಕೆ ಬರುತ್ತದೆ ಎಂಬುದನ್ನು ಮುಂದೆ ಹೇಳುತ್ತೇನೆ.

ಈ ಅಲಂಕಾರಗಳ ತವರು ಜರ್ಮನಿಯ ಥುರಿಂಜಿಯಾ ಪ್ರಾಂತದ ಲೌಶಾ ಎಂಬ ಸಣ್ಣ ಗುಡ್ಡಗಾಡಿನ ಊರು. 1597ರಲ್ಲಿ ಹಾನ್ಸ್ ಗ್ರೈನರ್ ಮತ್ತು ಕ್ರಿಸ್ಟೋಫ್ ಮ್ಯೂಲರ್ ಅಲ್ಲಿ ಗಾಜಿನ ಕುಲುಮೆ ಹೂಡಿದರು. ಕುಡಿಯುವ ಲೋಟ, ಮಣಿ, ಗೊಂಬೆಯ ಕಣ್ಣು ಮುಂತಾದವನ್ನು ಮಾಡುತ್ತಿದ್ದ ಆ ಊರಿನಲ್ಲಿ 1848ರ ಲೆಕ್ಕದ ಪುಸ್ತಕವೊಂದರಲ್ಲಿ ಆರು ಡಜನ್ ಕ್ರಿಸ್ಮಸ್ ಗುಂಡುಗಳ ಬೇಡಿಕೆ ದಾಖಲಾಗಿದೆ. ಆದರೆ ನಿಜವಾದ ತಿರುವು ಬಂದದ್ದು 1867ರಲ್ಲಿ, ಊರಿಗೆ ಗ್ಯಾಸ್ ಬಂದಾಗ. ಅದುವರೆಗೆ ಎಣ್ಣೆಯ ದೀಪದ ಉರಿಯಲ್ಲಿ ಗಾಜಿನ ಕೊಳವೆಯನ್ನು ಕಾಯಿಸಬೇಕಾಗಿತ್ತು. ಉರಿಯ ಬಿಸಿ ಸಾಲುತ್ತಿರಲಿಲ್ಲ, ಹದವೂ ನಿಲ್ಲುತ್ತಿರಲಿಲ್ಲ. ಗ್ಯಾಸಿನ ಉರಿ ಬಿಸಿಯಾದದ್ದು, ಬೇಕಾದಂತೆ ಏರಿಸಿ ಇಳಿಸಬಹುದಾದದ್ದು. ಅದರಿಂದಾಗಿ ಮೊಟ್ಟೆಯ ಚಿಪ್ಪಿನಷ್ಟು ತೆಳುವಾದ ಗೋಡೆಯ ದೊಡ್ಡ ಗುಂಡುಗಳನ್ನು ಊದಲು ಸಾಧ್ಯವಾಯಿತು. ಎರಡು ಹೋಳಿನ ಅಚ್ಚಿನೊಳಗೆ ಊದಿ ಹಣ್ಣು, ಹಕ್ಕಿ, ಮನೆ, ಮನುಷ್ಯರ ಮುಖ ಎಲ್ಲವನ್ನೂ ಮಾಡತೊಡಗಿದರು. ಇದು ಕಾರ್ಖಾನೆಯ ಕೆಲಸವಾಗಿರಲಿಲ್ಲ, ಮನೆಮನೆಯ ಕಸುಬಾಗಿತ್ತು: ಗಂಡಸರು ಊದುತ್ತಿದ್ದರು, ಹೆಂಗಸರು ಒಳಗೆ ರಸ (ಕನ್ನಡಿಯಂತೆ ಹೊಳೆಯುವ ಲೋಹದ ಲೇಪ) ಹಾಕಿ ಹೊರಗೆ ಬಣ್ಣ ಬರೆಯುತ್ತಿದ್ದರು, ಮಕ್ಕಳು ಟೋಪಿ ಸಿಕ್ಕಿಸುತ್ತಿದ್ದರು, ಹೆಂಗಸರೇ ಬೆನ್ನಿನ ಬುಟ್ಟಿಯಲ್ಲಿ ಸರಕು ಹೊತ್ತು ಸೊನ್ನೆಬೆರ್ಗ್ ಎಂಬ ಪೇಟೆಯೂರಿನ ಸಾಹುಕಾರರಿಗೆ ಮುಟ್ಟಿಸುತ್ತಿದ್ದರು. 1880ರಲ್ಲಿ ಅಮೆರಿಕದ ವರ್ತಕ ಎಫ್. ಡಬ್ಲ್ಯು. ವುಲ್‌ವರ್ತ್ ಅರೆಮನಸ್ಸಿನಿಂದ ಸ್ವಲ್ಪ ಸರಕು ಕೊಂಡು ಮಾರಾಟಕ್ಕಿಟ್ಟಾಗ ಅದು ನೋಡುನೋಡುತ್ತಿದ್ದಂತೆ ಖರ್ಚಾಯಿತು, ಅಲ್ಲಿಂದ ಲೌಶಾದ ಗಾಜು ಜಗತ್ತಿಗೆಲ್ಲ ಹರಡಿತು.

ತೆಳು ಗಾಜಿಗಿಂತ ಹಿಂದಿನ ತಲೆಮಾರಿನದು ಕುಗೆಲ್. ಜರ್ಮನ್ ಭಾಷೆಯಲ್ಲಿ ಅದಕ್ಕೆ ಗುಂಡು ಎಂದೇ ಅರ್ಥ. ಗೋಡೆ ದಪ್ಪ, ತೂಕ ಹೆಚ್ಚು, ತಲೆಯ ಮೇಲೆ ಎಲೆಯ ಅಥವಾ ಹೂವಿನ ಉಬ್ಬು ಚಿತ್ತಾರದ ಹಿತ್ತಾಳೆಯ ಟೋಪಿ. ಗುಂಡಿನ ಆಕಾರವೇ ಹೆಚ್ಚಾಗಿ ಸಿಗುತ್ತದೆ. ದ್ರಾಕ್ಷಿ ಗೊಂಚಲು, ಮೊಟ್ಟೆ, ಪೈನ್ ಕಾಯಿ ಅಪರೂಪ. ಬೆಳ್ಳಿ ಮತ್ತು ಬಂಗಾರದ ಬಣ್ಣದವು ಸಾಮಾನ್ಯ, ನೀಲಿ ಹಸಿರು ಅದಕ್ಕಿಂತ ಕಡಿಮೆ, ಕೆಂಪು ಮತ್ತು ನೇರಳೆ ಬಲು ವಿರಳ. ಕೊಂಬೆ ತಡೆಯದಷ್ಟು ಭಾರವಾದ ಕಾರಣ ದೊಡ್ಡ ಕುಗೆಲ್‌ಗಳನ್ನು ಮರಕ್ಕಲ್ಲದೆ ಚಾವಣಿಗೂ ಕಿಟಕಿಗೂ ನೇತುಹಾಕುತ್ತಿದ್ದರು.

ನಾನು ಕೈಯಲ್ಲಿ ಹಿಡಿದು ಸಾವಕಾಶವಾಗಿ ನೋಡಿದ ಒಳ್ಳೆಯ ಕುಗೆಲ್ ನಮ್ಮೂರಿನ ನಿವೃತ್ತ ಶಿಕ್ಷಕಿಯೊಬ್ಬರದು. ಅವರ ಹಜಾರದ ತೊಲೆಯ ಕೊಂಡಿಗೆ ಅದು ವರ್ಷವಿಡೀ ತೂಗುತ್ತಿತ್ತು. ಕೆಳಗಿಳಿಸಿ ಕೈಗೆ ಕೊಡುವಾಗ, "ಹುಷಾರಪ್ಪ, ನಮ್ಮ ಅತ್ತೆ ಕಾಲದ್ದು. ಒಡೆದರೆ ನೀನು ತಂದುಕೊಡಾಕ ಆಗಲ್ಲ" ಎಂದರು. ಮೇಜಿನ ಮೇಲೆ ಟವೆಲ್ಲನ್ನು ಮಡಿಸಿಟ್ಟು, ಗುಂಡನ್ನು ಅದರಲ್ಲಿ ಕೂರಿಸಿ, ಉಂಗುರವನ್ನು ಮೆಲ್ಲಗೆ ಮೇಲಕ್ಕೆತ್ತಿ ಒಳಗಿನ ತಂತಿಯ ಎರಡೂ ಕಾಲುಗಳನ್ನು ಒತ್ತಿ ಟೋಪಿಯನ್ನು ಬಿಡಿಸಿದೆ. ಕೆಳಗೆ ಕತ್ತೇ ಇರಲಿಲ್ಲ. ಗುಂಡಿನ ಮೈಗೆ ಸಮನಾಗಿ ಕತ್ತರಿಸಿದ ಒಂದು ರಂಧ್ರ, ಅದರ ಅಂಚು ಸಾಣೆ ಹಿಡಿದಂತೆ ಮಬ್ಬು. ಕತ್ತರಿಸಿದ ಆ ಅಂಚಿನಲ್ಲಿ ಗಾಜಿನ ದಪ್ಪವೂ ಕಾಣುತ್ತಿತ್ತು, ನೀಲಿ ಬಣ್ಣ ಗಾಜಿನ ಆಳದಲ್ಲಿಯೇ ಇರುವುದೂ ಕಾಣುತ್ತಿತ್ತು. ರಂಧ್ರದ ಸುತ್ತ ಒಳಗಿನ ರಸ ಕಂದುಗಪ್ಪಾಗಿ ಒಂದು ಬಳೆಯಷ್ಟು ಅಗಲಕ್ಕೆ ತಿಂದುಹೋಗಿತ್ತು, ಕೆಳಕ್ಕೆ ಹೋದಂತೆ ತಿಳಿಯಾಗುತ್ತ ತಳದಲ್ಲಿ ಮಾತ್ರ ಕನ್ನಡಿಯಂತಿತ್ತು. ಟೋಪಿಯ ಉಂಗುರ ಕೊಂಡಿಗೆ ತಾಗುವ ಒಂದೇ ಜಾಗದಲ್ಲಿ ಸವೆದು ತೆಳ್ಳಗಾಗಿತ್ತು. ಇವೆಲ್ಲ ಒಟ್ಟಿಗೆ ಕೂಡಿಬಂದಾಗ ಯಾರ ಕಥೆಯ ಅಗತ್ಯವೂ ಬೀಳುವುದಿಲ್ಲ. ಅವರ ಅತ್ತೆಯವರ ಕಥೆ ನಿಜವೆಂಬುದಕ್ಕೆ ಗುಂಡೇ ಸಾಕ್ಷಿ ಹೇಳುತ್ತಿತ್ತು.

ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣವಿದೆ. ಕಳೆದ ಕೆಲವು ದಶಕಗಳಲ್ಲಿ ಜಗತ್ತಿನ ಸಂತೆಗಳಲ್ಲಿ ಹಳೆಯ ಕುಗೆಲ್ ಎಂದು ಓಡಾಡುತ್ತಿರುವ ದಪ್ಪ ಗಾಜಿನ ಗುಂಡುಗಳಲ್ಲಿ ಬಹಳಷ್ಟು ನಮ್ಮ ದೇಶದಲ್ಲಿಯೇ ತಯಾರಾದವು. ಅವುಗಳನ್ನು ಮಾಡಿದವರು ಮೋಸಕ್ಕೆಂದು ಮಾಡಿದ್ದಲ್ಲ. ಹಳೆಯ ಮಾದರಿಯ ಹೊಸ ಅಲಂಕಾರವೆಂದೇ ರಫ್ತು ಮಾಡಿದರು, ಮೇಲೆ ಅಂಟಿಸಿದ್ದ ಚೀಟಿಯನ್ನು ಕಿತ್ತವರು ನಡುವಿನ ವ್ಯಾಪಾರಿಗಳು. ಹೊರದೇಶದ ಸಂಗ್ರಾಹಕರಿಗೆ ಇದು ಒಂದು ತಲೆನೋವಾದರೆ ನಮಗೆ ಎರಡು. ಇಲ್ಲಿಯ ಹಳೆ ಸಾಮಾನಿನ ಅಂಗಡಿಯಲ್ಲಿ "ಬ್ರಿಟಿಷರ ಕಾಲದ್ದು ಸಾರ್, ಪೀಸ್ ಒಂದೇ ಐತೆ" ಎಂದು ತೋರಿಸುವ ಗುಂಡು ದಂಡಿನ ಬಂಗಲೆಯಿಂದ ಬಂದಿರುವುದಕ್ಕಿಂತ ಉತ್ತರದ ಯಾವುದೋ ಗಾಜಿನ ಭಟ್ಟಿಯಿಂದ ಬಂದಿರುವ ಸಾಧ್ಯತೆಯೇ ಹೆಚ್ಚು. ಟೋಪಿ ತೆಗೆದರೆ ಸಾಮಾನ್ಯವಾಗಿ ವಿಷಯ ಬಯಲಾಗುತ್ತದೆ. ಹೊಸದರಲ್ಲಿ ಟೋಪಿಯ ಕೆಳಗೆ ಪುಟ್ಟ ಕತ್ತು ಮೇಲೆದ್ದಿರುವುದುಂಟು, ಒಳಗಿನ ರಸ ಅಂಚಿನವರೆಗೂ ಕಲೆಯಿಲ್ಲದೆ ಬೆಳಗುತ್ತಿರುತ್ತದೆ, ಹಿತ್ತಾಳೆಯ ಕಪ್ಪು ಉಬ್ಬಿಗೂ ತಗ್ಗಿಗೂ ಒಂದೇ ಸಮನಾಗಿ ಹಚ್ಚಿದಂತಿರುತ್ತದೆ. ನಿಜವಾಗಿ ಬಳಸಿದ ಹಿತ್ತಾಳೆಯಾದರೆ ಉಬ್ಬು ಸವೆದು ಹೊಳೆಯಬೇಕು, ತಗ್ಗಿನಲ್ಲಿ ಕಪ್ಪು ಕೂತಿರಬೇಕು. ಟೋಪಿ ತೆಗೆಯಲು ಬಿಡದ ವ್ಯಾಪಾರಿಯೊಡನೆ ನಾನು ಚೌಕಾಸಿಗೇ ಇಳಿಯುವುದಿಲ್ಲ.

ರಸದ ಬಗ್ಗೆ ಇನ್ನಷ್ಟು ಹೇಳಬೇಕು. ನಮ್ಮಲ್ಲಿ ಇಂಥ ಗಾಜಿನೊಳಗೆ ಪಾದರಸವಿದೆ ಎಂದು ನಂಬುವವರು ಬಹಳ. ಒಡೆದರೆ ಮಕ್ಕಳನ್ನು ದೂರ ಓಡಿಸುತ್ತಾರೆ. ಚೂರು ಚುಚ್ಚುತ್ತದೆಂಬ ಕಾರಣಕ್ಕೆ ಓಡಿಸುವುದು ಸರಿಯೇ. ಆದರೆ ಒಳಗಿರುವುದು ಪಾದರಸವಲ್ಲ. ಮೊದಮೊದಲು ಕರಗಿದ ಸೀಸ ಅಥವಾ ತವರವನ್ನು ಒಳಗೆ ಸುರಿದು ತಿರುಗಿಸುತ್ತಿದ್ದರು, ಅದರ ಹೊಳಪು ಸ್ವಲ್ಪ ಬೂದು ಬಣ್ಣದ್ದು. 1850ರ ದಶಕದಲ್ಲಿ ರಸಾಯನಶಾಸ್ತ್ರಜ್ಞ ಯುಸ್ಟುಸ್ ಫೊನ್ ಲೀಬಿಗ್ ಕನ್ನಡಿಗಾಗಿ ಬಳಕೆಗೆ ತಂದ ಬೆಳ್ಳಿಯ ವಿಧಾನ ಮುಂದೆ ಲೌಶಾದ ಮನೆಗಳನ್ನೂ ಹೊಕ್ಕಿತು: ಸಿಲ್ವರ್ ನೈಟ್ರೇಟನ್ನು ಅಮೋನಿಯಾದೊಡನೆ ಕರಗಿಸಿ, ಸಕ್ಕರೆಯ ದ್ರಾವಣ ಸೇರಿಸಿ, ಗುಂಡಿನೊಳಗೆ ಸ್ವಲ್ಪವೇ ಹಾಕಿ, ಬಿಸಿನೀರಿನಲ್ಲಿ ಅದ್ದಿ ಕುಲುಕಿದರೆ ಬೆಳ್ಳಿ ಬೇರ್ಪಟ್ಟು ಗಾಜಿನ ಒಳಮೈಗೆ ಅಂಟಿಕೊಳ್ಳುತ್ತದೆ. ಬೆಳ್ಳಿಯ ಕಾಲುಂಗುರ ಕಪ್ಪಾಗುವುದು ಗಾಳಿಯಲ್ಲಿನ ಗಂಧಕದ ಅಂಶದಿಂದ. ಈ ರಸ ಕಪ್ಪಾಗುವುದೂ ಅದರಿಂದಲೇ. ಗಾಳಿ ಒಳಹೊಗುವುದು ಕತ್ತಿನ ಮೂಲಕ. ಆದ್ದರಿಂದ ಸಹಜವಾಗಿ ಹಳೆಯದಾದ ಗುಂಡಿನಲ್ಲಿ ಕಲೆ ಕತ್ತಿನಲ್ಲಿ ಹುಟ್ಟಿ ಕೆಳಗಿಳಿಯುತ್ತದೆ, ಬಿರುಕಿದ್ದರೆ ಆ ಬಿರುಕಿನ ಸುತ್ತಲೂ ಹಬ್ಬುತ್ತದೆ. ಕತ್ತು ಥಳಥಳಿಸುತ್ತಿದ್ದು ಹೊಟ್ಟೆಯ ಮೇಲೆ ಮಾತ್ರ ಕಲಾತ್ಮಕವಾಗಿ ಚುಕ್ಕೆಗಳು ಮೂಡಿದ್ದರೆ ಅದು ಯಾರದೋ ಕೈಚಳಕ.

ಈ ಮಾತಿಗೆ ನಮ್ಮ ಜಿಲ್ಲೆಯಲ್ಲಿಯೇ ಒಂದು ಸೊಗಸಾದ ಉದಾಹರಣೆಯಿದೆ, ಅದಕ್ಕಾಗಿ ಜರ್ಮನಿಗೆ ಹೋಗಬೇಕಿಲ್ಲ. ಸಂಡೂರಿನ ಲಂಬಾಣಿ ಕಸೂತಿಯ ಹಳೆಯ ರವಿಕೆಯೋ ಪೇಟಿಯೆಂಬ ಲಂಗವೋ ಸಿಕ್ಕರೆ ಅದರ ಕನ್ನಡಿ ಬಿಲ್ಲೆಗಳನ್ನು ಓರೆಯಾಗಿ ಹಿಡಿದು ನೋಡಬೇಕು. ಹಳೆಯ ಬಿಲ್ಲೆಗಳು ಚಪ್ಪಟೆಯಾಗಿರದೆ ಕೊಂಚ ಉಬ್ಬಿರುತ್ತವೆ. ಗುಜರಾತಿನ ಕಪಡ್‌ವಂಜ್ ಎಂಬ ಊರಿನಲ್ಲಿ ಗಾಜನ್ನು ದೊಡ್ಡ ಗುಳ್ಳೆಯಾಗಿ ಊದಿ, ಒಳಗೆ ರಸ ಹಾಕಿ, ಆಮೇಲೆ ಒಡೆದು ಚೂರುಗಳನ್ನು ಕತ್ತರಿಸಿ ಇಂಥ ಬಿಲ್ಲೆಗಳನ್ನು ಮಾಡುವ ಪದ್ಧತಿ ಬಹುಕಾಲದಿಂದ ಇದೆ. ಕುಗೆಲ್ ಮಾಡುವವರು ಗುಳ್ಳೆಯನ್ನು ಇಡಿಯಾಗಿ ಉಳಿಸಿಕೊಂಡರು, ಇವರು ಒಡೆದು ಹಂಚಿದರು. ಒಳಮೈಗೆ ರಸ ಹಾಕುವ ತತ್ತ್ವ ಒಂದೇ. ರಸ ಹೇಗೆ ವಯಸ್ಸಾಗುತ್ತದೆ, ಅಂಚಿನಿಂದ ಹೇಗೆ ಕಪ್ಪಾಗುತ್ತ ಬರುತ್ತದೆ ಎಂದು ಕಣ್ಣಿಗೆ ಅಭ್ಯಾಸ ಮಾಡಿಸಲು ನಾನು ಹೊಸಬರಿಗೆ ಹೇಳುವುದು ಹಳೆಯ ಲಂಬಾಣಿ ಬಟ್ಟೆಗಳನ್ನು ನೋಡಿ ಎಂದೇ.

ತೆಳು ಗಾಜಿನ ಗುಂಡುಗಳಿಗೆ ಕತ್ತು ಇದ್ದೇ ಇರುತ್ತದೆ. ಊದಿದ ಕೊಳವೆಯ ತುಂಡೇ ಅದು. ಕೈಯಲ್ಲಿ ಊದಿದ್ದಾದರೆ ಗೀರಿ ಮುರಿದ ಅಂಚು ಅಂಕುಡೊಂಕಾಗಿರುತ್ತದೆ, ಯಂತ್ರದಲ್ಲಿ ಮಾಡಿದ್ದಾದರೆ ಪೆಟ್ಟಿಗೆಯ ಎಲ್ಲ ಗುಂಡುಗಳ ಕತ್ತೂ ಒಂದೇ ಅಳತೆಯದ್ದು. ಟೋಪಿಯ ಮೇಲಿನ ಅಕ್ಷರಗಳೂ ನೆರವಾಗುತ್ತವೆ. ಯು. ಎಸ್. ಝೋನ್ ಜರ್ಮನಿ ಎಂದಿದ್ದರೆ ಎರಡನೆಯ ಮಹಾಯುದ್ಧ ಮುಗಿದ ಮೇಲಿನ ಕೆಲವೇ ವರ್ಷಗಳದ್ದು. ವೆಸ್ಟ್ ಜರ್ಮನಿ ಎಂದಿದ್ದರೆ 1949ರಿಂದ 1990ರ ನಡುವಿನದು. ಆಕ್ಯುಪೈಡ್ ಜಪಾನ್ ಎಂದಿದ್ದರೆ 1945ರಿಂದ 1952ರೊಳಗಿನದು. ಅಮೆರಿಕದ ಶೈನಿ ಬ್ರೈಟ್ ಗುಂಡುಗಳನ್ನು ಮ್ಯಾಕ್ಸ್ ಎಕಾರ್ಟ್ ಎಂಬ ವರ್ತಕ 1937ರಲ್ಲಿ ಶುರುಮಾಡಿದ. ಮುಂದೆ ಕಾರ್ನಿಂಗ್ ಕಂಪನಿ ವಿದ್ಯುತ್ ಬಲ್ಬಿನ ಯಂತ್ರದಲ್ಲಿಯೇ ಅವುಗಳ ಗಾಜನ್ನು ಊದಿಕೊಟ್ಟಿತು. ಯುದ್ಧದ ವರ್ಷಗಳಲ್ಲಿ ಲೋಹಕ್ಕೆ ಕೊರತೆಯಾಗಿ ಅವಕ್ಕೆ ರಟ್ಟಿನ ಟೋಪಿ ಹಾಕಿದರು, ರಸವಿಲ್ಲದ ಬರಿಗಾಜಿನ ಮೇಲೆ ಎರಡು ಮೂರು ಪಟ್ಟೆ ಎಳೆದು ಬಿಟ್ಟರು. ಅಂದದಲ್ಲಿ ಅವು ಹಿಂದೆ, ಆದರೆ ಕಾಲ ಗುರುತಿಸಲು ಅವುಗಳಷ್ಟು ಸುಲಭವಾದವು ಬೇರಿಲ್ಲ. ಒಂದು ಎಚ್ಚರಿಕೆ: ಟೋಪಿಗಳು ಅದಲುಬದಲಾಗುತ್ತವೆ. ಟೋಪಿ ಹೇಳುವ ಮಾತಿಗೂ ಕತ್ತು ಹೇಳುವ ಮಾತಿಗೂ ಹೊಂದಿಕೆಯಾಗದಿದ್ದರೆ ಕತ್ತನ್ನೇ ನಂಬಬೇಕು.

ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದವು ಮಾತ್ರ ಗುಂಡುಗಳಲ್ಲ, ಇಂದಿನ ಚೆಕ್ ದೇಶದ ಭಾಗವಾದ ಬೊಹೀಮಿಯಾದ ಮಣಿಗಳು. ಇಂದು ಯಾಬ್ಲೊನೆಟ್ಸ್ ಎನಿಸಿಕೊಂಡಿರುವ, ಅಂದು ಗಾಬ್ಲೊಂಜ್ ಎನಿಸಿಕೊಂಡಿದ್ದ ಊರಿನ ಸುತ್ತಲಿನ ಹಳ್ಳಿಗಳಲ್ಲಿ ಗಾಜಿನ ಕೊಳವೆಯನ್ನು ಸಾಲು ಗುಳಿಗಳ ಅಚ್ಚಿನಲ್ಲಿಟ್ಟು ಊದಿ ಟೊಳ್ಳು ಮಣಿಗಳ ಸರವನ್ನೇ ಮಾಡಿ, ಒಳಗೆ ಬೆಳ್ಳಿ ಹಿಡಿಸಿ, ಬಿಡಿಬಿಡಿಯಾಗಿ ಕತ್ತರಿಸಿ, ತಂತಿಗೆ ಪೋಣಿಸಿ ನಕ್ಷತ್ರ, ವಿಮಾನ, ಸೈಕಲ್, ತೊಟ್ಟಿಲುಗಳನ್ನು ಕಟ್ಟುತ್ತಿದ್ದರು. ಅದೇ ಗಾಬ್ಲೊಂಜಿನಿಂದ 19ನೆಯ ಶತಮಾನದ ಕೊನೆಯ ಭಾಗದಿಂದ ಭಾರತಕ್ಕೆ ಗಾಜಿನ ಬಳೆಗಳು ಹೇರಳವಾಗಿ ಬರುತ್ತಿದ್ದವು. ಬೊಹೀಮಿಯಾ ಆಗ ಆಸ್ಟ್ರಿಯಾ ಸಾಮ್ರಾಜ್ಯದೊಳಗಿತ್ತು; ಮೊದಲ ಮಹಾಯುದ್ಧದಲ್ಲಿ ಆ ಸಾಮ್ರಾಜ್ಯ ಬ್ರಿಟನ್ನಿನ ಶತ್ರುಪಕ್ಷವಾದಾಗ ಸರಕು ನಿಂತಿತು, ಫಿರೋಜಾಬಾದಿನ ಬಳೆಗೆ ಬೇಡಿಕೆ ಏರಿತು. ಬೆಂಗಳೂರು ರಸ್ತೆಯ ಬಳೆ ಅಂಗಡಿಗಳಲ್ಲಿ ಇಂದು ತೂಗುವ ಸರಕಿನ ಹಿಂದೆ ಇಂಥದೊಂದು ಲೆಕ್ಕಾಚಾರವಿದೆ. ಫಿರೋಜಾಬಾದ್ ಈಗ ಬಳೆಯ ಜೊತೆಗೆ ಕ್ರಿಸ್ಮಸ್ ಅಲಂಕಾರಗಳನ್ನೂ ಹೊರದೇಶಗಳಿಗೆ ಕಳಿಸುತ್ತದೆ.

ಹಾಗಾಗಿ ಬಳೆಗಾರನ ಕಣ್ಣು ಮಣಿಯ ಅಲಂಕಾರಕ್ಕೆ ಹೇಳಿ ಮಾಡಿಸಿದ್ದು. ಮಣಿಯ ತೂತಿನ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದರೆ ಕತ್ತರಿಸಿದ ಗಾಜಿನ ಚಕ್ಕೆ ಕಾಣಬೇಕು. ಪ್ಲಾಸ್ಟಿಕ್ಕಾದರೆ ಅಂಚು ನುಣುಪು, ತುಟಿಗೆ ತಾಗಿಸಿದರೆ ಗಾಜಿನ ತಂಪು ಇರುವುದಿಲ್ಲ. ತಂತಿ ಮಣಿಯೊಳಗೆ ತುಕ್ಕು ಹಿಡಿದು ಕಂದು ಗೆರೆ ಬಿಟ್ಟಿದ್ದರೆ ಜೋಡಣೆಯೂ ಹಳೆಯದೆನ್ನಬಹುದು. ಮಣಿ ಮಂಕಾಗಿದ್ದು ತಂತಿ ಹೊಸದಾಗಿದ್ದರೆ ಯಾರೋ ಮತ್ತೆ ಕಟ್ಟಿದ್ದಾರೆ. ಚೀಟಿಯಲ್ಲಿ ಚೆಕೊಸ್ಲೊವಾಕಿಯಾ ಎಂದಿದ್ದರೆ 1918ಕ್ಕಿಂತ ಹಿಂದಿನದಲ್ಲ, 1992ಕ್ಕಿಂತ ಈಚಿನದೂ ಅಲ್ಲ. ಬರಿಯ ಮಾದರಿಯನ್ನು ನೋಡಿ ಕಾಲ ಹೇಳಲು ಹೊರಡಬಾರದು. ಚೆಕ್ ದೇಶದ ಪೊನಿಕ್ಲಾ ಎಂಬ ಹಳ್ಳಿಯಲ್ಲಿ ಇಂದಿಗೂ ಇದೇ ರೀತಿಯಲ್ಲಿ ಮಾಡುತ್ತಾರೆ, ಯುನೆಸ್ಕೊ 2020ರಲ್ಲಿ ಈ ಕಸುಬನ್ನು ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದೆ. ಲೌಶಾದಲ್ಲಿಯೂ ಹಳೆಯ ಅಚ್ಚುಗಳಲ್ಲಿ ಹೊಸ ಗಾಜನ್ನು ಊದುವ ಮನೆತನಗಳಿವೆ; ಲೌಶಾ ಮೂಲದ ಅಂಥ ಒಂದು ಮನೆತನ ಬವೇರಿಯಾಕ್ಕೆ ಹೋಗಿ ನಡೆಸಿಕೊಂಡು ಬಂದ ಇಂಗೆ ಗ್ಲಾಸ್ ಸಂಸ್ಥೆ ತನ್ನ ಸರಕಿಗೆ ನಕ್ಷತ್ರಾಕಾರದ ಟೋಪಿ ಹಾಕುವುದರಿಂದ ಗುರುತಿಸುವುದು ಸುಲಭ.

ಬಣ್ಣದ ವಿಚಾರಕ್ಕೆ ಬಂದರೆ, ಹಳೆಯ ಗುಂಡುಗಳ ಮೇಲಿನ ಬಣ್ಣವನ್ನೂ ಮಿನುಗುಪುಡಿಯನ್ನೂ ಅನೇಕ ವೇಳೆ ಗೋಂದಿನಂಥ, ನೀರಿನಲ್ಲಿ ಕರಗುವ ಅಂಟಿನಿಂದ ಹಿಡಿಸಿರುತ್ತಾರೆ. ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿದರೆ ನೂರು ವರ್ಷದ ಗುಲಾಬಿ ಕೆನ್ನೆ ಬಟ್ಟೆಗೆ ಬರುತ್ತದೆ. ಬಳ್ಳಾರಿಯಲ್ಲಿ ಈ ಆಸೆ ಎಲ್ಲರಿಗೂ ಆಗುವುದು ಸಹಜ, ಏಕೆಂದರೆ ಅದಿರಿನ ಕೆಂಧೂಳು ಇಲ್ಲಿ ಬೀರುವಿನೊಳಕ್ಕೂ ಬರುತ್ತದೆ. ಮೆತ್ತನೆಯ ಒಣ ಕುಂಚದಿಂದ, ಬಣ್ಣ ಎದ್ದಿರುವ ಜಾಗವನ್ನು ಬಿಟ್ಟು, ಮೇಲಿನಿಂದ ಕೆಳಕ್ಕೆ ಧೂಳು ತೆಗೆದರೆ ಸಾಕು. ಉಳಿದ ಕೊಳೆಯನ್ನು ವಯಸ್ಸಿನ ಭಾಗವೆಂದೇ ಒಪ್ಪಿಕೊಳ್ಳಬೇಕು. ಹಳೆಯ ಮಿನುಗುಪುಡಿ ನಿಜವಾದ ಗಾಜಿನ ಪುಡಿ, ಭೂತಗನ್ನಡಿಯಲ್ಲಿ ಅದರ ಕಣಗಳು ಒಂದೊಂದೂ ಒಂದೊಂದು ಆಕಾರ. ಈಚಿನ ಪ್ಲಾಸ್ಟಿಕ್ ಪುಡಿ ಒಂದೇ ಅಳತೆಗೆ ಕತ್ತರಿಸಿದ್ದು.

ನಮ್ಮ ಏಪ್ರಿಲ್, ಮೇ ತಿಂಗಳುಗಳು ಈ ಗಾಜಿನ ದೊಡ್ಡ ಶತ್ರುಗಳು. ಬಿಸಿಲು ಬೀಳುವ ಪಡುವಣ ಗೋಡೆಗೆ ತಾಗಿದ ಕಬ್ಬಿಣದ ಬೀರುವಿನಲ್ಲಿ ಇಟ್ಟರೆ ಬಣ್ಣ ಮೆತ್ತಗಾಗಿ ಸುತ್ತಿದ ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುತ್ತದೆ, ಬಿಡಿಸುವಾಗ ಕಿತ್ತು ಬರುತ್ತದೆ. ಅಟ್ಟ ಇನ್ನೂ ಕೆಟ್ಟದ್ದು. ಮನೆಯ ನಡುಕೋಣೆಯಲ್ಲಿ, ನೆಲಕ್ಕೆ ಹತ್ತಿರದ ಮರದ ಕಪಾಟೇ ಲೇಸು. ಅಚ್ಚಿಲ್ಲದ ತೆಳು ಬಿಳಿ ಕಾಗದ ಅಥವಾ ಒಗೆದೊಗೆದು ಮೆತ್ತಗಾದ ಹತ್ತಿಯ ಪಂಚೆಯ ತುಂಡಿನಲ್ಲಿ ಸಡಿಲವಾಗಿ ಸುತ್ತಿ, ರಟ್ಟಿನ ವಿಭಾಗಗಳಿರುವ ಪೆಟ್ಟಿಗೆಯಲ್ಲಿ ಕತ್ತು ಮೇಲಾಗಿ ಇಡುತ್ತೇನೆ. ಹಳೆಯ ಪತ್ರಿಕೆಯಲ್ಲಿ ಸುತ್ತಬಾರದು. ಮಸಿ ಹತ್ತುತ್ತದೆ, ಕಾಗದದ ಹುಳಿ ಬೆಳ್ಳಿಗೂ ಬಣ್ಣಕ್ಕೂ ಒಳ್ಳೆಯದಲ್ಲ. ಗುಂಡಿನೊಡನೆ ಮೂಲ ಪೆಟ್ಟಿಗೆ ಸಿಕ್ಕರೆ, ಅದು ಎಷ್ಟೇ ಹರಿದಿರಲಿ, ಬಿಸಾಡದೆ ಬೇರೆಯಾಗಿ ಇಡಬೇಕು. ಅದರ ಮೇಲಿನ ಚೀಟಿ ಗುಂಡಿಗಿಂತ ಹೆಚ್ಚು ಮಾತಾಡುವ ಸಂದರ್ಭಗಳಿವೆ. ರಸ ಹೋಗಿದೆಯೆಂದು ಹೊಸದಾಗಿ ಹಾಕಿಸುವುದು, ಮಾಸಿದ ಕೆನ್ನೆಗೆ ಬಣ್ಣ ಬಳಿಸುವುದು ನನಗೆ ಸಮ್ಮತವಲ್ಲ. ಅಷ್ಟು ಮಾಡುವುದಾದರೆ ಹೊಸದನ್ನೇ ಕೊಳ್ಳಬಹುದು, ಅಗ್ಗವೂ ಆಗುತ್ತದೆ.

ಕೊಳ್ಳುವವರಿಗೆ ಇನ್ನೊಂದು ಮಾತು. ಮನೆಯವರಿಂದಲೇ ನೇರವಾಗಿ ಸಿಗುವ ವಸ್ತುವಿಗೆ ನಾನು ಅಂಗಡಿಯದಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ, ಏಕೆಂದರೆ ಅದರ ಜೊತೆಗೆ ಯಾರ ಮನೆಯ ಹಬ್ಬದಲ್ಲಿ ತೂಗಿತ್ತು, ಯಾವ ಊರಿಂದ ಬಂತು ಎಂಬ ವಿವರವೂ ಬರುತ್ತದೆ, ಕತ್ತನ್ನು ನೋಡಿ ಆ ವಿವರವನ್ನು ತಾಳೆ ಹಾಕಬಹುದು. ಕೊಟ್ಟವರ ಒಪ್ಪಿಗೆ ಪಡೆದು ಆ ವಿವರವನ್ನೂ, ಟೋಪಿ ತೆಗೆದಾಗ ಕಂಡದ್ದನ್ನೂ ಒಂದು ಚೀಟಿಯಲ್ಲಿ ಬರೆದು ಗುಂಡಿನ ಗೂಡಿನಲ್ಲಿಯೇ ಇಡುವ ಪದ್ಧತಿ ಇಟ್ಟುಕೊಂಡಿದ್ದೇನೆ. ಚೀಟಿಯನ್ನು ಪೆನ್ಸಿಲಿನಲ್ಲಿ ಬರೆಯುವುದು ಲೇಸು. ನಮ್ಮ ಸೆಕೆಗೆ ಶಾಯಿ ಹರಡಿ ಗಾಜಿಗೆ ಹತ್ತುವ ಭಯವಿದೆ.